ಎರಡು ಅಟ್ಟದ ಮರ

ಎರಡು ಮಿಲಿಮೀಟರ್ ದಪ್ಪ, ಐದು ಮಿಲಿಮೀಟರ್ ಅಗಲ, ಒಂದೂವರೆ ಅಡಿ ಉದ್ದ. ಇಂಥ ನೂರಿಪ್ಪತ್ತು ಮರದ ಪಟ್ಟಿಗಳು ನನಗೆ ಬೇಕಾಗಿದ್ದವು. ಅವು ಸಿಕ್ಕಿದರೆ, ನಮ್ಮ ಊಟದ ಮೇಜಿನ ಒಂದು ತುದಿಯನ್ನು ನಾಲ್ಕು ತಿಂಗಳಿಂದ ಹಿಡಿದುಕೊಂಡು ನಿಂತಿದ್ದ ಪುಟ್ಟ ಹಾಯಿಹಡಗಿಗೆ ಮೈ ಬರುತ್ತಿತ್ತು. ಅಲ್ಲಿಯವರೆಗೆ ಅದು ಬರೀ ಪಕ್ಕೆಲುಬು. ಪ್ಲೈವುಡ್ಡಿನ ಒಂದು ಬೆನ್ನೆಲುಬಿಗೆ ಅಡ್ಡಡ್ಡಲಾಗಿ ಹದಿನಾಲ್ಕು ಪಕ್ಕೆಗಳನ್ನು ಅಂಟಿಸಿ ನಿಲ್ಲಿಸಿದ್ದೆ. ಬಂಗುಡೆ ತಿಂದು ಬದಿಗಿಟ್ಟ ಮುಳ್ಳಿನ ಹಾಗೆ ಉಂಟು ಎಂದು ಹೆಂಡತಿ ಮೊದಲ ದಿನವೇ ಹೇಳಿದ್ದಳು. ಆ ಮೇಲೆ ಅದಕ್ಕೆ ಮನೆಯಲ್ಲಿ ಮುಳ್ಳು ಎಂದೇ ಹೆಸರಾಯಿತು. ಮುಳ್ಳು ಸ್ವಲ್ಪ ಆಚೆ ಸರಿಸಿ, ಅನ್ನದ ಪಾತ್ರೆ ಇಡಬೇಕು ಎನ್ನುವಳು.

ಹಡಗು ಕಟ್ಟುವ ಹುಚ್ಚು ಹುಟ್ಟಿನಿಂದ ಬಂದದ್ದಲ್ಲ. ಕಳೆದ ವರ್ಷ ರಕ್ತದೊತ್ತಡ ನೋಡಿದ ಡಾಕ್ಟರು ಮಾತ್ರೆ ಬರೆಯುತ್ತ, ನಿಮಗೆ ಯೋಚನೆ ಜಾಸ್ತಿ, ಕೈಗೆ ಏನಾದರೂ ಕೆಲಸ ಕೊಡಿ ಎಂದರು. ಕರಾವಳಿಯವನು ಎಂದು ಗೊತ್ತಾದ ಮೇಲೆ ಹಡಗಿನ ಮಾದರಿ ಮಾಡಿ ಎಂದು ಸೂಚಿಸಿದವರೂ ಅವರೇ. ಈ ಕೋಲ್ಕತ್ತಾದ ಜನರಿಗೆ ಕರ್ನಾಟಕದ ಕರಾವಳಿಯವರೆಂದರೆ ದೋಣಿಯಲ್ಲೇ ಹುಟ್ಟಿ ದೋಣಿಯಲ್ಲೇ ಅನ್ನಪ್ರಾಶನ ಮಾಡಿಸಿಕೊಂಡವರು ಎಂಬ ಭಾವನೆ. ನಾನು ದೋಣಿ ಹತ್ತಿದ್ದು ಬೆರಳೆಣಿಕೆಯಷ್ಟು ಸಲ, ಹತ್ತಿದಾಗೆಲ್ಲ ಈಜು ಬರುವವರ ಪಕ್ಕವೇ ಕೂತಿದ್ದೆ. ನನ್ನ ತಂದೆ ಬ್ಯಾಂಕಿನವರು, ನಾನೂ ಬ್ಯಾಂಕಿನವನು. ನಮ್ಮ ಮನೆತನದಲ್ಲಿ ನೀರಿಗೆ ಇಳಿದದ್ದು ಏನಾದರೂ ಇದ್ದರೆ ಅದು ವರ್ಗಾವಣೆಯ ಸಾಮಾನು ಸಾಗಿಸುವ ಲಾರಿ, ಅದೂ ಮಳೆಗಾಲದಲ್ಲಿ.

ಆದರೂ ಡಾಕ್ಟರ ಮುಂದೆ ಇದನ್ನೆಲ್ಲ ಹೇಳದೆ ತಲೆಯಾಡಿಸಿ ಬಂದೆ. ಇಂಟರ್ನೆಟ್ಟಿನಿಂದ ಎರಡು ಕಂಬದ ಹಾಯಿಹಡಗಿನ ನಕ್ಷೆ ಇಳಿಸಿಕೊಂಡು, ಅದನ್ನು ಪ್ಲೈವುಡ್ಡಿಗೆ ಅಂಟಿಸಿ ಪಕ್ಕೆಗಳನ್ನು ಕೊಯ್ದೆ. ಅಲ್ಲಿಗೆ ಸುಲಭದ ಕೆಲಸ ಮುಗಿಯಿತು. ಇನ್ನು ಪಟ್ಟಿಗಳನ್ನು ಬಿಸಿನೀರಿನಲ್ಲಿ ನೆನೆಸಿ, ಬಗ್ಗಿಸಿ, ಪಕ್ಕೆಯಿಂದ ಪಕ್ಕೆಗೆ ಒಂದರ ಕೆಳಗೊಂದು ಅಂಟಿಸುತ್ತ ಬಂದರೆ ಹಡಗಿನ ಹೊಟ್ಟೆ ಮುಚ್ಚುತ್ತದೆ. ಯಾವ ಮರದ ಪಟ್ಟಿ ಎಂದು ಹುಡುಕಿದೆ. ಒಬ್ಬ ಪೇರ್ ಮರವೇ ಆಗಬೇಕು ಎಂದು ಬರೆದಿದ್ದ. ಇನ್ನೊಬ್ಬ, ಪೇರ್ ಮರ ಬಳಸುವವರಿಗೆ ಬುದ್ಧಿ ಇಲ್ಲ, ವಾಲ್ನಟ್ ಮರ ತನ್ನಿ ಎಂದಿದ್ದ. ಮೂರನೆಯವನು ಅವರಿಬ್ಬರಿಗೂ ಬೈದಿದ್ದ. ಅವರು ಹೇಳಿದ ಯಾವ ಮರವೂ ನಿಮತಲಾ ಘಾಟಿನಿಂದ ಸಿಯಾಲ್ದಾವರೆಗೆ ಒಂದು ಅಂಗಡಿಯಲ್ಲೂ ಇಲ್ಲ ಎಂಬುದು ಮಾತ್ರ ಕ್ರಮೇಣ ಖಚಿತವಾಯಿತು.

ಎಸ್‌ಪ್ಲನೇಡಿನ ಒಂದು ಕರಕುಶಲ ಸಾಮಾನಿನ ಅಂಗಡಿಯಲ್ಲಿ ಬಾಲ್ಸಾ ಎಂಬ ಬಿಳೀ ಮರದ ಪಟ್ಟಿ ಸಿಕ್ಕಿತು. ತಂದು ನೋಡಿದರೆ ಉಗುರು ಊರಿದಲ್ಲಿ ಕುಳಿ ಬೀಳುತ್ತಿತ್ತು. ಮುಟ್ಟಿದರೆ ಗಾಯವಾಗುವ ಹಡಗನ್ನು ಕಟ್ಟಿದರೆ ನನ್ನ ರಕ್ತದೊತ್ತಡ ಇಳಿಯುವುದು ಹೇಗೆ? ಸಿಯಾಲ್ದಾದ ಹಣ್ಣಿನ ಮಾರುಕಟ್ಟೆಗೆ ಹೋಗಿ ಎರಡು ಖಾಲಿ ಸೇಬಿನ ಪೆಟ್ಟಿಗೆ ಹೊತ್ತು ತಂದೆ. ಸೇಬು ಎಲ್ಲಿ ಎಂದು ಹೆಂಡತಿ ಕೇಳಿದಳು. ಇಲ್ಲ ಎಂದೆ. ಆ ಪೆಟ್ಟಿಗೆಗಳ ಮರದಲ್ಲಿ ಅಂಗುಲಕ್ಕೊಂದು ಗಂಟು. ಬಗ್ಗಿಸಲು ಹೋದರೆ ಗಂಟಿನ ಹತ್ತಿರ ಟಪ್ಪೆಂದು ಮುರಿಯುತ್ತಿತ್ತು. ಕೊನೆಗೆ ನಿಮತಲಾದ ಮರದ ಮಿಲ್ಲುಗಳ ಸಾಲಿಗೇ ಹೋದೆ. ಅಲ್ಲಿ ಆನೆಯಂಥ ದಿಮ್ಮಿಗಳ ನಡುವೆ ನಿಂತು, ಎರಡು ಮಿಲಿಮೀಟರ್ ಎಂದು ಬೆರಳಿನಲ್ಲಿ ತೋರಿಸಿದೆ. ಮಿಲ್ಲಿನವನು ನನ್ನ ಬೆರಳಿನ ಸಂದಿಯನ್ನೂ ನನ್ನ ಮುಖವನ್ನೂ ನೋಡಿದ. ಗರಗಸದ ಹತ್ತಿರ ಕರೆದುಕೊಂಡು ಹೋಗಿ, ಇದರ ಹಲ್ಲಿನ ದಪ್ಪವೇ ಮೂರು, ನಿಮ್ಮ ಪಟ್ಟಿಯೆಲ್ಲ ಹೊಟ್ಟಾಗಿ ಹೋಗುತ್ತದೆ, ಚೀಲ ತಂದಿದ್ದರೆ ಹೊಟ್ಟನ್ನೇ ತುಂಬಿಕೊಳ್ಳಿ ಎಂದ. ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ, ನಗದೆ ಇದ್ದರೆ ಇನ್ನೂ ಕೆಟ್ಟದಾಗಿ ಕಾಣುತ್ತದಲ್ಲ ಎಂದು.

ಇದೆಲ್ಲ ನಡೆಯುತ್ತಿದ್ದಾಗಲೇ ಬಡ್ತಿಯ ಪಟ್ಟಿ ಬಂತು. ನನ್ನ ಹೆಸರು ಅದರಲ್ಲಿತ್ತು.

ಬ್ಯಾಂಕಿನವರ ಮನೆಯಲ್ಲಿ ಈ ಸುದ್ದಿಯ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ, ಹೊರಗಿನವರಿಗೆ ಹೇಳುತ್ತೇನೆ. ಬಡ್ತಿ ಒಪ್ಪಿಕೊಂಡರೆ ವರ್ಗಾವಣೆ ಕಟ್ಟಿಟ್ಟದ್ದು. ಎಲ್ಲಿಗೆ ಎಂದು ಒಪ್ಪಿಕೊಂಡ ಮೇಲಷ್ಟೇ ತಿಳಿಯುತ್ತದೆ. ಈ ಸಲ ಹೆಚ್ಚಿನವರನ್ನು ರಾಜಸ್ಥಾನದ ಕಡೆ, ಕೆಲವರನ್ನು ಗುಜರಾತಿನ ಕಡೆ ಕಳಿಸುತ್ತಾರೆಂದು ಕಚೇರಿಯಲ್ಲಿ ಗುಸುಗುಸು ಇತ್ತು. ಬೇಡವೆಂದರೆ ಇನ್ನು ಕೆಲವು ವರ್ಷ ಆ ಕಡೆ ತಲೆ ಹಾಕುವಂತಿಲ್ಲ. ಐವತ್ತೊಂದರಲ್ಲಿ ಕೆಲವು ವರ್ಷ ಎಂದರೆ ಹೆಚ್ಚುಕಡಿಮೆ ಬಾಗಿಲು ಮುಚ್ಚಿದಂತೆಯೇ. ಉತ್ತರ ಕೊಡಲು ಒಂದು ತಿಂಗಳು.

ಇದೇ ತಿಂಗಳಲ್ಲಿ ಹೆಂಡತಿಯ ಶಾಲೆಯವರು ಅವಳನ್ನು ಕರೆದು, ಪ್ರಾಥಮಿಕ ವಿಭಾಗದ ಮುಖ್ಯಸ್ಥೆಯಾಗುತ್ತೀರಾ ಎಂದು ಕೇಳಿದ್ದರು. ನನ್ನ ಹಿಂದೆ ಐದು ಊರು ಸುತ್ತಿದವಳು ಅವಳು. ಪ್ರತಿ ಊರಿನಲ್ಲೂ ಹೊಸ ಶಾಲೆ, ಪ್ರತಿ ಶಾಲೆಯಲ್ಲೂ ಎಲ್ಲರಿಗಿಂತ ಕಿರಿಯ ಟೀಚರು. ಈ ಊರಿನಲ್ಲಿ ಒಂಬತ್ತು ವರ್ಷ ನಿಂತದ್ದು ನನ್ನ ಪುಣ್ಯವೋ ಮುಖ್ಯ ಕಚೇರಿಯ ಮರೆವೋ ಗೊತ್ತಿಲ್ಲ, ಆದರೆ ಅಷ್ಟರಲ್ಲಿ ಅವಳು ಬಂಗಾಳಿಯಲ್ಲಿ ಜಗಳವಾಡುವಷ್ಟು ಬೆಳೆದಿದ್ದಳು. ಅವಳೂ ತಿಂಗಳ ಕೊನೆಯ ಶುಕ್ರವಾರದೊಳಗೆ ಉತ್ತರ ಹೇಳಬೇಕಿತ್ತು. ನನ್ನ ಗಡುವು ಅದರ ಮರುವಾರದ ಸೋಮವಾರ. ನಾನು ಏನು ಮಾಡುತ್ತೇನೆಂದು ತಿಳಿಯದೆ ಅವಳು ಹ್ಞೂಂ ಅನ್ನುವಂತಿರಲಿಲ್ಲ, ಊಹೂಂ ಅನ್ನುವಂತೆಯೂ ಇರಲಿಲ್ಲ.

ನೀನೇನು ಹೇಳುತ್ತೀ ಎಂದು ನಾನು ಅವಳನ್ನು ಕೇಳಿದೆ. ನಿಮ್ಮ ಕೆಲಸ, ನಿಮ್ಮ ಬಡ್ತಿ, ನೀವೇ ಹೇಳಿ ಎಂದಳು. ಹನ್ನೊಂದನೆಯ ತರಗತಿಯ ಮಗಳನ್ನು ಕೇಳಿದೆ. ಅವಳು ಕಿವಿಯಿಂದ ಒಂದು ಇಯರ್‌ಫೋನ್ ತೆಗೆದು, "ಅಪ್ಪ, ಆಯ್ ಆಮ್ ಓಕೆ ವಿತ್ ಎನಿಥಿಂಗ್. ಬಟ್ ಪ್ಲೀಸ್ ಹೇಳಿ ನಾ" ಎಂದು ಮತ್ತೆ ಸಿಕ್ಕಿಸಿಕೊಂಡಳು. ಯಾರಾದರೂ ಒಬ್ಬರು ಹಟ ಹಿಡಿದಿದ್ದರೆ ನನಗೆ ಎಷ್ಟು ಸುಲಭವಿತ್ತು! ಅವರ ಹಟಕ್ಕೆ ಮಣಿದೆ ಎಂದುಕೊಂಡು ಮುಂದಿನ ಒಂಬತ್ತು ವರ್ಷ ಹಾಯಾಗಿ ದೂರುತ್ತ ಇರಬಹುದಿತ್ತು. ಇಬ್ಬರೂ ಒಳ್ಳೆಯವರಾಗಿ ನನ್ನನ್ನು ನಡುನೀರಿನಲ್ಲಿ ಬಿಟ್ಟರು. ಹೀಗಾಗಿ ಶನಿವಾರ ಬಂದೊಡನೆ ಉತ್ತರ ಹುಡುಕುವ ಬದಲು ಮರ ಹುಡುಕಲು ಹೊರಡುತ್ತಿದ್ದೆ.

ಕನ್ನಡ ಸಂಘದ ಒಂದು ಸಭೆಯಲ್ಲಿ ಸಿಕ್ಕಿದ ಧಾರವಾಡದ ಗೆಳೆಯರೊಬ್ಬರು ದಾರಿ ತೋರಿಸಿದರು. ರೈಲ್ವೆಯಲ್ಲಿರುವವರು, ಹಾರ್ಮೋನಿಯಂ ನುಡಿಸುತ್ತಾರೆ, ಅದಕ್ಕೆ ಅವರು ಪೇಟಿ ಎನ್ನುತ್ತಾರೆ. ನನ್ನ ಕಥೆ ಪೂರ್ತಿ ಕೇಳಿ, "ಇಷ್ಟ ಸಣ್ಣ ಕಟಿಗಿಗೆ ಇಷ್ಟ ದೊಡ್ಡ ಊರು ಸುತ್ತಾಕತ್ತೀರೇನ್ರೀ? ಚಿತ್ಪುರದಾಗ ನಮ್ಮ ಪೇಟಿ ರಿಪೇರಿ ಮಾಡೋ ಮುದುಕ ಅದಾನ, ಅವನ ಕಡೆ ಹೋಗ್ರಿ. ಕಾಗದ ಕೊಯ್ದಂಗ ಕೊಯ್ತಾನ" ಎಂದರು. ಸ್ವಲ್ಪ ತಡೆದು, "ಆದ್ರ ಪ್ರಶ್ನೆ ಭಾಳ ಕೇಳ್ತಾನ" ಎಂದೂ ಸೇರಿಸಿದರು.

ಚಿತ್ಪುರದ ಟ್ರಾಮ್ ಹಳಿಯ ಬದಿಯ ಗಲ್ಲಿಯೊಂದರಲ್ಲಿ ಆ ಅಂಗಡಿ. ನೆಲದ ಮೇಲೆ ಕೂತು ಎಪ್ಪತ್ತು ದಾಟಿದ ಮಿಸ್ತ್ರಿಯೊಬ್ಬರು ಹಾರ್ಮೋನಿಯಮ್ಮಿನ ಒಂದು ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ನಾನು ಅವರನ್ನು ದಾದಾ, ಅಂದರೆ ಅಣ್ಣ, ಎಂದೆ, ಅವರೂ ನನ್ನನ್ನು ದಾದಾ ಎಂದರು. ಅವರದು ಬಂಗಾಳಿ ಬೆರೆತ ಹಿಂದಿ, ನನ್ನದು ಎಲ್ಲವೂ ಬೆರೆತ ಹಿಂದಿ. ಫೋನಿನಲ್ಲಿ ಮುಳ್ಳಿನ ಚಿತ್ರ ತೋರಿಸಿದೆ. ಅವರು ನಗಲಿಲ್ಲ. ಚಿತ್ರವನ್ನು ದೊಡ್ಡದು ಮಾಡಿ ಮೂತಿಯ ಹತ್ತಿರದ ತಿರುವನ್ನು ನೋಡಿ, ಇಲ್ಲಿ ಕಷ್ಟ ಉಂಟು ಎಂದರು. ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಮೊದಲ ಬಾರಿಗೆ ಒಬ್ಬರು ನನ್ನ ಹಡಗಿನ ಕಷ್ಟವನ್ನು ಹಡಗಿನ ಕಷ್ಟವೆಂದೇ ನೋಡಿದ್ದರು.

ಸಾಗುವಾನಿ ಬೇಡ, ಇಷ್ಟು ಸಪೂರ ಬಗ್ಗಿಸಿದರೆ ಸೀಳುತ್ತದೆ, ಗಾಮಾರಿ ಮರ ಸರಿ ಎಂದರು. ನಮ್ಮ ಕಡೆ ಶಿವನೆ ಎನ್ನುವುದು ಅದನ್ನೇ. ಅದರ ಒಂದು ತುಂಡನ್ನು ಕೈಗೆ ಕೊಟ್ಟರು. ತಿಳಿ ಹಳದಿ, ಹಗುರ, ಗಂಟಿಲ್ಲ. ನಾನು ಅಳತೆಯ ಚೀಟಿ ತೆಗೆಯುತ್ತಿದ್ದಂತೆ ಅವರು ಅದನ್ನು ನೋಡದೆ ಕೇಳಿದರು:

"ಹಡಗು ಎಲ್ಲಿರುತ್ತದೆ, ದಾದಾ?"

"ಊಟದ ಮೇಜಿನ ಮೇಲೆ."

"ಯಾವ ಊರಿನ ಊಟದ ಮೇಜು?"

ಅಳತೆಯ ಚೀಟಿ ನನ್ನ ಕೈಯಲ್ಲೇ ಉಳಿಯಿತು. ಅವರು ವಿವರಿಸಿದರು. ಮರ ಸತ್ತ ಮೇಲೂ ಗಾಳಿ ಕುಡಿಯುತ್ತದೆ. ಇಲ್ಲಿಯ ಒದ್ದೆ ಗಾಳಿಯಲ್ಲಿ ಇದ್ದ ಮರದಿಂದ ಪೆಟ್ಟಿಗೆ ಮಾಡಿ ಜೋಧಪುರಕ್ಕೆ ಕಳಿಸಿದರೆ ಎರಡೇ ತಿಂಗಳಿಗೆ ಸಂದಿ ಬಿಡುತ್ತದೆ. ಒಣಗಿಸಿದ ಮರದಿಂದ ಮಾಡಿ ಇಲ್ಲೇ ಇಟ್ಟರೆ ಉಬ್ಬಿ ಒಂದನ್ನೊಂದು ತಳ್ಳುತ್ತದೆ. ಅದಕ್ಕೇ ಅವರ ಅಂಗಡಿಯಲ್ಲಿ ಎರಡು ಅಟ್ಟ. ಮೇಲಿನದು ತಗಡಿನ ಮಾಡಿನ ಕೆಳಗೆ, ಅಂಟು ಕಾಯಿಸುವ ಒಲೆಯ ನೇರಕ್ಕೆ. ಒಣ ಊರಿಗೆ ಹೋಗುವ ವಾದ್ಯದ ಮರ ಅಲ್ಲಿ ತಿಂಗಳುಗಟ್ಟಲೆ ಕಾಯುತ್ತದೆ. ಕೆಳಗಿನದು ಗಲ್ಲಿಗೆ ತೆರೆದುಕೊಂಡ ಅಟ್ಟ, ಈ ಊರಿನಲ್ಲೇ ಇರುವ ವಾದ್ಯಗಳಿಗೆ. ಯಾರೇ ಬರಲಿ, ವಾದ್ಯ ಎಲ್ಲಿ ಬದುಕುತ್ತದೆ ಎಂದು ಕೇಳಿಯೇ ಅವರು ಗರಗಸ ಹಿಡಿಯುವುದು. ಅವರ ತಂದೆಯೂ ಹಾಗೇ ಮಾಡುತ್ತಿದ್ದರಂತೆ.

ನಾನು ಬಡ್ತಿಯ ವಿಷಯ ಹೇಳಿದೆ. ರಾಜಸ್ಥಾನ ಇರಬಹುದು, ಗುಜರಾತ್ ಇರಬಹುದು, ಇಲ್ಲೇ ಇರಬಹುದು ಎಂದೆ. ಅವರು ಅನುಕಂಪದಿಂದ ಕೇಳಿಸಿಕೊಂಡು, "ಹಾಗಾದರೆ ನಿಮ್ಮ ಬ್ಯಾಂಕಿನವರನ್ನು ಕೇಳಿಕೊಂಡು ಬನ್ನಿ" ಎಂದರು. ನನ್ನ ಕೈಯಲ್ಲಿದ್ದ ಗಾಮಾರಿ ತುಂಡನ್ನು ಮೆಲ್ಲಗೆ ವಾಪಸು ತೆಗೆದುಕೊಂಡರು.

ಮುಂದಿನ ವಾರವೆಲ್ಲ ಕಚೇರಿಯಲ್ಲಿ ಕೂತು ಇದನ್ನೇ ಯೋಚಿಸಿದೆ. ಇಷ್ಟು ವರ್ಷ ವರ್ಗಾವಣೆಯೆಂದರೆ ಶಾಲೆ, ಗ್ಯಾಸ್, ಬಾಡಿಗೆಮನೆ ಇಷ್ಟೇ ಎಂದು ತಿಳಿದಿದ್ದೆ. ನಾವು ಹೊತ್ತುಕೊಂಡು ತಿರುಗಿದ ಮಂಚ, ಕಪಾಟುಗಳೆಲ್ಲ ಊರೂರಿನ ಗಾಳಿ ಕುಡಿದು ಉಬ್ಬಿ ಕುಗ್ಗಿವೆ ಎಂದು ಹೊಳೆದಿರಲಿಲ್ಲ. ಮನೆಗೆ ಬಂದು ಕಪಾಟಿನ ಬಾಗಿಲು ಎಳೆದು ನೋಡಿದೆ. ಅದು ಕೂರುತ್ತಿರಲಿಲ್ಲ. ಅದು ಎಂದೂ ಕೂರುವುದಿಲ್ಲ ಎಂದು ಹೆಂಡತಿ ಅಡುಗೆಮನೆಯಿಂದಲೇ ಹೇಳಿದಳು. ಹಾಗಾದರೆ ಮನುಷ್ಯರು? ಇವಳು? ಆ ಚಿಂತೆ ಬೇಡವೆಂದು ನಾನು ಬೇರೆ ಚಿಂತೆ ಹಚ್ಚಿಕೊಂಡೆ.

ಎರಡನೆಯ ಸಲ ಹೋದಾಗ ಒಂದು ಉಪಾಯ ಮಾಡಿಕೊಂಡು ಹೋಗಿದ್ದೆ. ತೀರಾ ಒದ್ದೆಯೂ ಅಲ್ಲದ, ತೀರಾ ಒಣವೂ ಅಲ್ಲದ ನಡುವಿನ ಗಾಳಿಗೆ ಕೊಯ್ದು ಕೊಡಿ, ನಾಗಪುರದ ಹಾಗೆ ಎಂದೆ. ನಾಗಪುರದಲ್ಲಿ ನಿಮ್ಮವರು ಯಾರಿದ್ದಾರೆ ಎಂದು ಮಿಸ್ತ್ರಿ ಕೇಳಿದರು. ಯಾರೂ ಇಲ್ಲ ಎಂದೆ. ಅವರು ಬಹಳ ಹೊತ್ತು ಗಡ್ಡ ಕೆರೆದುಕೊಂಡರು. ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು, ಮೇಲಿನ ಅಟ್ಟದಿಂದ ಮೂವತ್ತು, ಕೆಳಗಿನ ಅಟ್ಟದಿಂದ ಮೂವತ್ತು ಪಟ್ಟಿ ಕೊಯ್ದು, ಇದು ಕೈ ಪಳಗಿಸಿಕೊಳ್ಳಲಿಕ್ಕೆ ಮಾತ್ರ, ಬೆರೆಸಬೇಡಿ ಎಂದು ಎರಡು ಬೇರೆ ಬೇರೆ ಕಟ್ಟು ಮಾಡಿ ಕೊಟ್ಟರು.

ಬೆರೆಸಬೇಡಿ ಎಂದದ್ದು ಕೇಳಿಸಿತ್ತು. ಆದರೆ ಅಪಾಯವನ್ನು ಹಂಚಿ ಹಾಕಬೇಕು, ಎಲ್ಲವನ್ನೂ ಒಂದೇ ಕಡೆ ಇಡಬಾರದು ಎಂದು ಇಪ್ಪತ್ತೇಳು ವರ್ಷದಿಂದ ತರಬೇತಿ ಪಡೆಯುತ್ತ ಬಂದವನು ನಾನು. ಮೇಲಿನ ಅಟ್ಟದ್ದೊಂದು, ಕೆಳಗಿನ ಅಟ್ಟದ್ದೊಂದು, ಹೀಗೆ ಒಂದರ ಕೆಳಗೊಂದು ಅಂಟಿಸಿದರೆ ಯಾವ ಊರಿಗೆ ಹೋದರೂ ಅರ್ಧವಾದರೂ ಸರಿ ಇರುತ್ತದಲ್ಲ? ಮಗಳ ಕೂದಲು ನೇರ ಮಾಡುವ ಯಂತ್ರ ಕದ್ದು, ನೆನೆಸಿದ ಪಟ್ಟಿಗಳನ್ನು ಅದರ ಬಿಸಿಯಲ್ಲಿ ಬಗ್ಗಿಸಿದೆ. ತನ್ನ ಕೂದಲು ಬಡಗಿಯ ಅಂಗಡಿಯ ಹಾಗೆ ನಾರುತ್ತಿದೆ ಎಂದು ಅವಳು ಎರಡು ದಿನ ಮಾತು ಬಿಟ್ಟಳು. ಆದರೂ ಹಡಗಿನ ಒಂದು ಮಗ್ಗುಲು ಮುಚ್ಚಿತು. ಬೆರಳಾಡಿಸಿದರೆ ಮೊಟ್ಟೆಯ ಹಾಗೆ ನುಣುಪು. ಇಷ್ಟು ಚಂದದ್ದನ್ನು ನಾನು ಮಾಡಿದೆನೇ ಎಂದು ನನಗೇ ಸಂಶಯ ಬಂತು, ಎಲ್ಲೋ ತಪ್ಪಿರಬೇಕು ಎಂದು ಮತ್ತೆ ಮತ್ತೆ ನೋಡಿದೆ.

ಆಮೇಲೆ ಒಂದು ವಾರ ಮಳೆ ಹಿಡಿಯಿತು. ಲೇಕ್ ಮಾರ್ಕೆಟ್ಟಿನ ನಮ್ಮ ರಸ್ತೆಯಲ್ಲಿ ಮೊಣಕಾಲಿನವರೆಗೆ ನೀರು. ಬಟ್ಟೆ ಒಣಗಲಿಲ್ಲ, ಉಪ್ಪು ನೀರಾಯಿತು. ಬುಧವಾರ ಬೆಳಗ್ಗೆ ತಿಂಡಿಗೆ ಕೂತಾಗ ಹೆಂಡತಿ ಹಡಗನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಆ ಮಗ್ಗುಲಿನ ಮೇಲೆ ಅಂಗೈ ಇಟ್ಟಳು.

"ಇದೆಂತ ಮಾರಾಯ್ರೆ, ಹಪ್ಪಳ ಆಗಿದೆಯಲ್ಲ."

ಆಗಿತ್ತು. ಮೇಲಿನ ಅಟ್ಟದ ಒಣ ಪಟ್ಟಿಗಳು ನೀರು ಕುಡಿದು ಉಬ್ಬಿ, ಆಚೀಚೆಯವನ್ನು ತಳ್ಳಿ, ಜಾಗ ಸಾಲದೆ ಎದ್ದು ನಿಂತಿದ್ದವು. ಒಂದು ಬಿಟ್ಟು ಒಂದು, ಲೆಕ್ಕ ತಪ್ಪದಂತೆ. ಯಾಕೆ ಹೀಗಾಯಿತು ಎಂದು ಅವಳು ಕೇಳಿದಳು. ನಾನು ಎರಡು ಅಟ್ಟದ ಕಥೆ ಪೂರ್ತಿ ಹೇಳಿದೆ. ಜೋಧಪುರ, ನಾಗಪುರ, ಅರ್ಧವಾದರೂ ಸರಿ ಇರಲಿ ಎಂದು ನಾನು ಮಾಡಿದ್ದು, ಎಲ್ಲ. ಅವಳು ನಗುತ್ತಾಳೆ ಎಂದುಕೊಂಡಿದ್ದೆ. ಅವಳು ನಗಲಿಲ್ಲ. ದೋಸೆಯ ತಟ್ಟೆ ಬದಿಗಿಟ್ಟಳು.

"ನೀವು ಬೇಡ ಹೇಳಿದ್ರೆ ಬೇಡ, ಹೋಗುವ ಹೇಳಿದ್ರೆ ಹೋಗುವ. ಐದು ಊರಿಗೆ ಬಂದವಳಿಗೆ ಆರನೇದು ಎಂತ ದೊಡ್ಡದಲ್ಲ. ಆದ್ರೆ ನಿಮಗೆ ಗೊತ್ತಾಗುವವರೆಗೆ ನನ್ನನ್ನೂ ಹೀಗೆ ಅರ್ಧ ಅರ್ಧ ಇಡ್ಬೇಡಿ. ನಾಡಿದ್ದು ಶುಕ್ರವಾರ ನಾನು ಹೋಗಿ ಎಂತ ಹೇಳುದು ಅವರಿಗೆ? ನನ್ನ ಗಂಡ ಇನ್ನೂ ಮರ ನೋಡ್ತಾ ಇದ್ದಾರೆ ಅಂತಲಾ?"

ಹೇಳುತ್ತೇನೆ ಎಂದೆ. ನಾಳೆ ಹೇಳುತ್ತೇನೆ ಎಂದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಹಪ್ಪಳವನ್ನು ನೋಡುತ್ತಿದ್ದೆ.

ಮರುದಿನ ಗುರುವಾರ ಅರ್ಧ ದಿನ ರಜೆ ಹಾಕಿದೆ. ಯಾಕೆ ಹಾಕಿದೆನೆಂದು ಈಗಲೂ ಸರಿಯಾಗಿ ಹೇಳಲಾರೆ. ಮನೆಗೆ ಹೋಗಿ ಅವಳು ಶಾಲೆಯಿಂದ ಬರುವುದರೊಳಗೆ ಒಂದು ನಿರ್ಧಾರಕ್ಕೆ ಬರೋಣ ಎಂದೇ ಬಿಬಿಡಿ ಬಾಗಿನ ಕಚೇರಿಯಿಂದ ಹೊರಟದ್ದು. ಕಾಲು ಚಿತ್ಪುರದ ಕಡೆಗೆ ನಡೆಯಿತು. ಹಪ್ಪಳವಾದ ಮಗ್ಗುಲಿನ ಚಿತ್ರ ತೋರಿಸಿದಾಗ ಮಿಸ್ತ್ರಿ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಎಲ್ಲ ಕಿತ್ತು ತೆಗೆಯಿರಿ, ಪಕ್ಕೆ ಮುರಿಯದಂತೆ, ಬಿಸಿನೀರಿನ ಬಟ್ಟೆ ಇಟ್ಟರೆ ಅಂಟು ಬಿಡುತ್ತದೆ ಎಂದಷ್ಟೇ ಹೇಳಿ, ಮತ್ತದೇ ಪ್ರಶ್ನೆ ಕೇಳಿದರು.

"ಇಲ್ಲೇ," ಎಂದೆ. "ಕೋಲ್ಕತ್ತಾ."

"ಬ್ಯಾಂಕಿನವರು ಹೇಳಿದರಾ?"

"ನಾನೇ ಹೇಳುತ್ತಿದ್ದೇನೆ."

ಅವರು ಇನ್ನೂ ಎರಡು ಸಲ ಕೇಳಿದರು. ಕೊಯ್ದ ಮೇಲೆ ವಾಪಸಿಲ್ಲ, ಜೋಧಪುರ ಅಂತ ಅತ್ತುಕೊಂಡು ಬರಬಾರದು ಎಂದರು. ನಾನು ಎರಡೂ ಸಲ ಕೋಲ್ಕತ್ತಾ ಎಂದೆ, ಎರಡನೆಯ ಸಲ ಸ್ವಲ್ಪ ಜೋರಾಗಿಯೇ. ಆ ಕ್ಷಣದಲ್ಲಿ ನನ್ನೊಳಗೆ ಏನಿತ್ತು ಎಂದು ಆಮೇಲೆ ಎಷ್ಟೋ ಸಲ ಕೆದಕಿ ನೋಡಿದ್ದೇನೆ. ಮರ ಕೊಯ್ಯಲಿ ಎಂಬ ಆಸೆಗೆ ಬಾಯಿಗೆ ಬಂದದ್ದನ್ನು ಹೇಳಿದೆನೇ, ನಿಜವಾಗಿಯೂ ತೀರ್ಮಾನಿಸಿಯೇ ಹೇಳಿದೆನೇ? ಆ ಮುದುಕರ ಮುಂದೆ ಸುಳ್ಳು ಹೇಳುವುದು ನನ್ನಿಂದ ಆಗುತ್ತಿತ್ತು ಎಂದು ಅನ್ನಿಸುವುದಿಲ್ಲ. ನಿಜ ಹೇಳುವುದಂತೂ ಆ ತಿಂಗಳಿಡೀ ನನ್ನಿಂದ ಆಗಿರಲಿಲ್ಲ. ಅವರು ಕೆಳಗಿನ ಅಟ್ಟದಿಂದ ಒಂದು ಹಲಗೆ ಎಳೆದು, ಬೆರಳಿನ ಗಿಣ್ಣಿನಿಂದ ಕುಟ್ಟಿ ಸದ್ದು ಕೇಳಿ, ನಾಳೆ ಫೋನ್ ಮಾಡುತ್ತೇನೆ ಎಂದರು.

ಮನೆಗೆ ಬಂದೆ. ಹೆಂಡತಿಗೆ ಏನೂ ಹೇಳಲಿಲ್ಲ. ಹೇಳಬೇಕೆಂದು ಬಾಯಿ ತೆರೆದಾಗ ಮಿಸ್ತ್ರಿಗೆ ಹೇಳಿದ್ದನ್ನೇ ಅವಳಿಗೂ ಹೇಳುತ್ತೇನೆಯೇ, ಬೇರೆಯದೇ ಹೇಳುತ್ತೇನೆಯೇ ಎಂದು ನನಗೇ ಗೊಂದಲವಾಯಿತು. ಅವಳೂ ಕೇಳಲಿಲ್ಲ. ಶುಕ್ರವಾರ ಬೆಳಗ್ಗೆ ಎದ್ದು, ಚಹಾ ಕುಡಿದು, ಚಾರ್ಜಿಗೆ ಹಾಕಿದ್ದ ಫೋನನ್ನು ಅಲ್ಲೇ ಮರೆತು ಕಚೇರಿಗೆ ಓಡಿದೆ. ಹೇಳುತ್ತೇನೆ ಎಂದ ಗುರುವಾರ ಮುಗಿದಿತ್ತು.

ಸಂಜೆ ಮನೆಗೆ ಬಂದಾಗ ಅವಳು ಬಾಲ್ಕನಿಯಲ್ಲಿ ಬಟ್ಟೆ ತೆಗೆಯುತ್ತಿದ್ದಳು.

"ಶಾಲೆಗೆ ಹ್ಞೂಂ ಹೇಳಿ ಬಂದೆ," ಎಂದಳು, ಬಟ್ಟೆ ಮಡಚುತ್ತಲೇ.

ನಾನು ಹೆಗಲಿನ ಚೀಲ ಇಳಿಸಿದೆ. "ನಾನು ಇನ್ನೂ ನಿನಗೆ ಏನೂ ಹೇಳಲೇ ಇಲ್ಲವಲ್ಲ."

"ನನಗೆ ಹೇಳ್ಲಿಲ್ಲ. ಹಾರ್ಮೋನಿಯಂ ಮಾಡುವವರಿಗೆ ಹೇಳಿದ್ದೀರಿ."

ಬೆಳಗ್ಗೆ ಅವಳು ಹೊರಡುವ ಹೊತ್ತಿಗೆ ನನ್ನ ಫೋನ್ ರಿಂಗಾಗಿತ್ತಂತೆ. ಮಿಸ್ತ್ರಿ ಅವಳೊಂದಿಗೆ ಬಂಗಾಳಿಯಲ್ಲಿ ಬಹಳ ಹೊತ್ತು ಮಾತಾಡಿದ್ದರು. ಪಟ್ಟಿ ತಯಾರಾಗಿದೆ, ಕೆಳಗಿನ ಅಟ್ಟದ್ದೇ ಕೊಯ್ದಿದ್ದೇನೆ, ದಾದಾ ಇಲ್ಲೇ ಇರುತ್ತಾರಂತಲ್ಲ, ಮೂರು ಸಲ ಕೇಳಿದೆ, ಮೂರು ಸಲವೂ ಇಲ್ಲೇ ಅಂದರು, ಬಹಳ ಸಂತೋಷ ಬೌದಿ, ಅಂದರೆ ಅತ್ತಿಗೆ, ಎಂದಿದ್ದರು. ಅವಳೂ ಸಂತೋಷ ಎಂದು ಹೇಳಿ, ಫೋನ್ ಇಟ್ಟು, ಶಾಲೆಗೆ ಹೋಗಿ ಒಪ್ಪಿಕೊಂಡು ಬಂದಿದ್ದಳು.

ನಾನು ಕುರ್ಚಿಯಲ್ಲಿ ಕೂತೆ. ಅದು ಬರೀ ಮರ ಕೊಯ್ಯಿಸಲು ಹೇಳಿದ ಮಾತು ಎಂದು ಈಗ ಹೇಳಬಹುದಿತ್ತು. ಹೇಳಿದರೆ ಅವಳು ಸೋಮವಾರ ಶಾಲೆಗೆ ಹೋಗಿ, ಕ್ಷಮಿಸಿ ಎಂದು ಹೇಳಿ ಬರುತ್ತಾಳೆ. ಆರನೆಯ ಊರಿಗೆ ಹೊರಡುತ್ತಾಳೆ, ಗೊಣಗದೆಯೇ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಆ ತಿಂಗಳು ನನಗೆ ಖಚಿತವಾಗಿ ಗೊತ್ತಿದ್ದದ್ದು ಅದೊಂದೇ.

ಮಡಚಿದ ಬಟ್ಟೆಗಳನ್ನು ಮಂಚದ ಮೇಲಿಟ್ಟು ಅವಳು ನನ್ನೆದುರು ಬಂದು ನಿಂತಳು. ಸಿಟ್ಟಿರಲಿಲ್ಲ, ಸಿಟ್ಟಿಗಿಂತ ಕಷ್ಟದ್ದು ಏನೋ ಇತ್ತು.

"ಇಪ್ಪತ್ತೆರಡು ವರ್ಷ ಆಯ್ತು ಮದುವೆಯಾಗಿ. ನನ್ನ ಹತ್ರ ಹೇಳ್ಲಿಕ್ಕೆ ಆಗದ್ದು ಅವ್ರ ಹತ್ರ ಮೂರು ಸಲ ಹೇಳಿದ್ರಿ. ಯಾಕೆ?"

"ಅವರು ಕೇಳಿದರು," ಎಂದೆ. ಮೂರ್ಖ ಉತ್ತರವೆಂದು ಹೇಳುವಾಗಲೇ ಗೊತ್ತಾಗಿತ್ತು.

"ನಾನು ಕೇಳ್ಲಿಲ್ವಾ?"

"ನೀನು ಕೇಳಿದಾಗ ಹೇಳಿದರೆ ಅದು ತೀರ್ಮಾನವೇ ಆಗಿಬಿಡುತ್ತದಲ್ಲ. ಅವರು ಕೇಳಿದರೆ ಬರೀ ಮರ."

 ಅಷ್ಟು ಹೊತ್ತಿಗೆ ಮಗಳು ಬಾಗಿಲಿಗೆ ಬಂದು ನಮ್ಮಿಬ್ಬರ ಮುಖ ನೋಡಿ, "ಸೋ ವಿ ಆರ್ ಸ್ಟೇಯಿಂಗ್?" ಎಂದಳು. ಯಾರೂ ಉತ್ತರ ಕೊಡಲಿಲ್ಲ. ಅವಳು ಅದನ್ನೇ ಹೌದೆಂದು ತಿಳಿದು, ಫೋನಿನಲ್ಲಿ ಯಾರಿಗೋ ಹೇಳುತ್ತ ಒಳಗೆ ಹೋದಳು.

"ಅವ್ರಿಗೆ ಹೇಳಿದ್ದು ನಿಜವಾ?" ಹೆಂಡತಿ ಮೆಲ್ಲಗೆ ಕೇಳಿದಳು. "ಸುಳ್ಳಾದ್ರೆ ಈಗ್ಲೇ ಹೇಳಿ. ಸೋಮವಾರ ಹೋಗಿ ಬೇಡ ಅಂತೇನೆ, ನನಗೇನು ನಾಚಿಕೆ ಇಲ್ಲ."

"ಹೇಳುವಾಗ ನಿಜ ಇತ್ತು."

"ಈಗ?"

ನಾನು ಈಗಿನದ್ದನ್ನು ಹುಡುಕಿದೆ. ಜೋಧಪುರದ ಒಂದು ಬಾಡಿಗೆಮನೆಯಲ್ಲಿ ಇವಳು ಹೊಸ ಶಾಲೆಗೆ ಅರ್ಜಿ ಬರೆಯುತ್ತ ಕೂತದ್ದು ಕಂಡಿತು. ಕಚೇರಿಯಲ್ಲಿ ನನ್ನ ನಂತರ ಸೇರಿದವನು ನನ್ನ ಮೇಲಿನ ಕುರ್ಚಿಯಲ್ಲಿ ಕೂತದ್ದೂ ಕಂಡಿತು. ಎರಡೂ ಚೆನ್ನಾಗಿರಲಿಲ್ಲ. ಆದರೆ ಎರಡನೆಯದನ್ನು ನೋಡುತ್ತ ಬದುಕಬಹುದು ಅನ್ನಿಸಿತು, ಸ್ವಲ್ಪ ಹೊಟ್ಟೆ ಉರಿದರೂ.

"ಈಗಲೂ ನಿಜವೇ ಇರಬೇಕು," ಎಂದೆ.

"ಇರಬೇಕು?" ಅವಳು ತಲೆ ಅಲ್ಲಾಡಿಸಿದಳು. "ಸರಿ. ಸೋಮವಾರ ಕಾಗದ ಬರೆದು ಕೊಡಿ. ನಾಳೆ ಹೋಗಿ ಆ ಪಟ್ಟಿ ತನ್ನಿ, ಅವ್ರನ್ನು ಕಾಯಿಸ್ಬೇಡಿ."

ಶನಿವಾರ ಪಟ್ಟಿ ತಂದೆ. ಎಂಥ ಪಟ್ಟಿ! ನೂರಿಪ್ಪತ್ತೂ ಒಂದೇ ಬಣ್ಣ, ಒಂದೇ ದಪ್ಪ, ಬೆಳಕಿಗೆ ಹಿಡಿದರೆ ನರ ಕಾಣುವಷ್ಟು ಸಪೂರ. ಎರಡು ದಿನ ಕೂತು ಹಪ್ಪಳವಾದ ಮಗ್ಗುಲನ್ನು ಬಿಸಿ ಬಟ್ಟೆಯಿಂದ ಬಿಡಿಸಿದೆ. ಒಂದು ಪಕ್ಕೆ ಮುರಿಯಿತು, ಮತ್ತೆ ಅಂಟಿಸಿದೆ. ಹೆಂಡತಿ ಎದುರು ಕೂತು ಶಾಲೆಯ ವೇಳಾಪಟ್ಟಿ ಹಾಕುತ್ತಿದ್ದಳು.  ನಡುವೆ ಒಮ್ಮೆ ಅವಳು, ಎದುರಿಗೆ ಕೇಳಿದರೆ ನಿಮಗೆ ಕಷ್ಟವಾಗುವುದಾದರೆ ಇನ್ನು ಮೇಲೆ ಬಂಗಾಳಿಯಲ್ಲಿ ಕೇಳುತ್ತೇನೆ ಎಂದಳು. ತಮಾಷೆಗೆ ಹೇಳಿದ್ದೋ ಅಲ್ಲವೋ ತಿಳಿಯದೆ ನಾನು ಅರ್ಧ ನಕ್ಕೆ.

ಸೋಮವಾರ ಬೆಳಗ್ಗೆ ಕಚೇರಿಯಲ್ಲಿ ಕಾಗದ ಟೈಪು ಮಾಡಲು ಕೂತೆ. ಬಡ್ತಿ ಬೇಡವೆನ್ನುವ ಕಾಗದಕ್ಕೆ ನಾಲ್ಕೇ ಸಾಲು ಸಾಕು. ಕಾರಣ ಕೌಟುಂಬಿಕ ಎಂದು ಬರೆದೆ. ಮುದ್ರಿಸಿದೆ. ಆಮೇಲೆ ಕೈ ಸುಮ್ಮನಿರಲಿಲ್ಲ, ಬಡ್ತಿ ಒಪ್ಪಿಕೊಳ್ಳುವ ಕಾಗದವನ್ನೂ ಟೈಪು ಮಾಡಿ ಮುದ್ರಿಸಿದೆ. ಕೊಡಲಿಕ್ಕಲ್ಲ, ಇರಲಿ ಎಂದು. ಎರಡನ್ನೂ ಮಡಚಿ ಒಂದೇ ಥರದ ಲಕೋಟೆಗಳಲ್ಲಿ ಹಾಕಿ, ಅಂಗಿಯ ಜೇಬಿನಲ್ಲಿಟ್ಟುಕೊಂಡು ಮೇಲಿನ ಮಹಡಿಗೆ ಹೋದೆ. ಅಲ್ಲಿಯ ಅಧಿಕಾರಿ ಫೋನಿನಲ್ಲಿದ್ದರು, ಕೈ ಚಾಚಿದರು, ಕೊಟ್ಟೆ. ಲಕೋಟೆಯನ್ನು ಅವರು ಒಡೆಯಲೂ ಇಲ್ಲ, ಮೊಹರು ಒತ್ತಿ ಬದಿಗಿಟ್ಟರು. ಒಂದು ತಿಂಗಳು ನನ್ನ ನಿದ್ದೆ ತಿಂದದ್ದು ಹತ್ತು ಸೆಕೆಂಡಿನಲ್ಲಿ ಮುಗಿಯಿತು.

ಮೆಟ್ಟಿಲು ಇಳಿದು ಹೊರಗೆ ಬಂದು, ರಸ್ತೆ ಬದಿಯ ಚಹಾದಂಗಡಿಯ ಹತ್ತಿರ ನಿಂತು ಹೆಂಡತಿಗೆ ಫೋನ್ ಮಾಡಿದೆ. ಅವಳಿಗೆ ಅದು ಬಿಡುವಿನ ಹೊತ್ತು, ಹಿಂದಿನಿಂದ ಮಕ್ಕಳ ಗಲಾಟೆ ಕೇಳುತ್ತಿತ್ತು.

"ಕೊಟ್ಟೆ," ಎಂದೆ.

"ಯಾವುದು?"

ನಾನು ತಬ್ಬಿಬ್ಬಾದೆ. ಎರಡು ಬರೆದದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ.

"ಬೇಡ ಅಂತ ಇರುವುದು."

"ಸರಿಯಾಗಿ ನೋಡಿ ಕೊಟ್ರಾ?"

ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಜೇಬಿನಲ್ಲಿ ಉಳಿದ ಲಕೋಟೆ ತೆಗೆದೆ. ಅಂಟು ಬಿಡಿಸುವ ಆತುರದಲ್ಲಿ ಒಂದು ಮೂಲೆ ಹರಿಯಿತು. ಸಂತೋಷದಿಂದ ಒಪ್ಪಿಕೊಳ್ಳುತ್ತೇನೆ ಎಂದು ಬರೆದಿತ್ತು.

"ಒಪ್ಪಿಗೆಯದ್ದು ನನ್ನ ಕೈಯಲ್ಲೇ ಉಂಟು," ಎಂದೆ.

ಅವಳು ಉಸಿರು ಬಿಟ್ಟದ್ದು ಕೇಳಿಸಿತು. ಗಂಟೆ ಹೊಡೆಯಿತು, ಮಕ್ಕಳ ಗಲಾಟೆ ದೂರವಾಯಿತು. "ಹರಿದು ಬಿಸಾಡಿ," ಎಂದಳು, "ನಾನು ಕ್ಲಾಸಿಗೆ ಹೋಗ್ತೇನೆ."

ಹರಿಯುವ ಮೊದಲು ಇನ್ನೊಮ್ಮೆ ಓದಿದೆ.